ಮಿಲ್ಲಿಂಗ್ ಮೆಷಿನ್‌ಗೆ ಯಾವ ಆರ್ಬರ್?

ಹಾರಿಜಾಂಟಲ್ ಮಿಲ್ಲಿಂಗ್ ಮೆಷಿನ್ ಮುಂದೆ ನಿಂತಾಗ ನಾವೆಲ್ಲ ಕಟರ್ ಬಗ್ಗೆ, ಸ್ಪೀಡ್ ಬಗ್ಗೆ, ಫೀಡ್ ಬಗ್ಗೆ ಯೋಚಿಸ್ತೀವಿ. ಕಟರನ್ನು ಹೊತ್ತು ತಿರುಗುವ ಆರ್ಬರ್ ನೆನಪಾಗೋದು ವೈವಾದಲ್ಲಿ ಕೇಳಿದಾಗ ಮಾತ್ರ. ಆದರೆ ಜಾಬ್ ಮೇಲೆ ಅಲೆಅಲೆಯಾಗಿ ಗುರುತು ಬಿದ್ದರೆ, ಒಂದೇ ಹಲ್ಲು ಟಕ್ ಟಕ್ ಅಂತ ಕಡಿಯುತ್ತಿದ್ದರೆ, ಎಷ್ಟೋ ಸಲ ಕಾರಣ ಆರ್ಬರೇ.

ಮೊದಲು ಸ್ಪಿಂಡಲ್ ನೋಡಬೇಕು. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿಯ ಹಳೆಯ ಮಿಲ್ಲಿಂಗ್ ಮೆಷಿನ್‌ಗಳು ಕರ್ನಾಟಕದ ಕಾಲೇಜುಗಳಲ್ಲಿ, ವರ್ಕ್‌ಶಾಪ್‌ಗಳಲ್ಲಿ ಇವತ್ತಿಗೂ ಸಿಗುತ್ತವೆ. ಇಂಥ ಮೆಷಿನ್‌ಗಳ ಟೇಪರ್ ಸಾಮಾನ್ಯವಾಗಿ 40 ಅಥವಾ 50ನೇ ನಂಬರಿನದು. ಎರಡರಲ್ಲೂ ಇಳಿಜಾರು 7/24, ಅಂದರೆ 24 ಮಿ.ಮೀ. ಉದ್ದಕ್ಕೆ ವ್ಯಾಸ 7 ಮಿ.ಮೀ. ಕಮ್ಮಿಯಾಗುತ್ತೆ. ಲೇಥ್‌ನ ಮೋರ್ಸ್ ಟೇಪರ್ ಥರ ಇದು ತಾನಾಗಿ ಕಚ್ಚಿಕೊಳ್ಳಲ್ಲ. ಹಿಂದಿನಿಂದ ಡ್ರಾ ಬೋಲ್ಟ್ ಎಳೆದು ಹಿಡಿಯಬೇಕು, ತಿರುಗಿಸುವ ಕೆಲಸ ಸ್ಪಿಂಡಲ್ ಮೂತಿಯ ಎರಡು ಕೀಗಳದ್ದು. ಹಳೆ ಮೆಷಿನ್ ಆದರೆ ಡ್ರಾ ಬೋಲ್ಟ್ ಥ್ರೆಡ್ ಇಂಚಿನದೋ ಮಿ.ಮೀ.ನದೋ ನೋಡಿಕೊಳ್ಳಿ. ಎರಡು ಸುತ್ತು ಹೋಗಿ ಬಿಗಿಯಾದರೆ ಬಲ ಹಾಕಬೇಡಿ.

ಇನ್ನು ದಪ್ಪ. 16, 22, 27, 32, 40 ಮಿ.ಮೀ. ಆರ್ಬರ್‌ಗಳು ಬರುತ್ತವೆ. ಎಸ್‌ಒಎಂನಲ್ಲಿ ಬೀಮ್ ಲೆಕ್ಕ ಮಾಡಿದ್ದೀವಲ್ಲ, ಅದೇ ಇಲ್ಲಿ ಕೆಲಸಕ್ಕೆ ಬರುತ್ತೆ: ಬಾಗುವುದು ವ್ಯಾಸದ 4ನೇ ಘಾತಕ್ಕೆ ವಿಲೋಮ, ಉದ್ದದ 3ನೇ ಘಾತಕ್ಕೆ ನೇರ. ಅದೇ ಲೋಡ್, ಅದೇ ಉದ್ದ ಇಟ್ಟರೆ 22ರ ಆರ್ಬರ್ 27ರದ್ದಕ್ಕಿಂತ ಸುಮಾರು 2.3 ಪಟ್ಟು ಹೆಚ್ಚು ಬಾಗುತ್ತೆ. ಉದ್ದ ಅರ್ಧ ಮಾಡಿದರೆ ಬಾಗುವುದು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಹಾಗಾಗಿ ಕಟರ್ ಆದಷ್ಟು ಕಾಲಮ್ ಹತ್ತಿರ ಇರಲಿ, ಓವರ್‌ಆರ್ಮ್ ಸಪೋರ್ಟ್ ಆದಷ್ಟು ಕಟರ್ ಹತ್ತಿರ ಬರಲಿ. ಉದ್ದನೆಯ ಆರ್ಬರ್ ಇದೆ ಅಂತ ಕಟರನ್ನು ನಟ್ಟನಡುವೆ ಕೂರಿಸೋದು ಸಲೀಸು, ಆದರೆ ಅದೇ ಅತಿ ಹೆಚ್ಚು ಬಾಗುವ ಜಾಗ.

ಹಾಗಾದರೆ ಸುಮ್ಮನೆ ದಪ್ಪದ್ದೇ ಹಾಕಿದರಾಯ್ತಲ್ಲ? ಇಲ್ಲ. ಆರ್ಬರ್ ದಪ್ಪವಾದರೆ ಕಾಲರ್ ಕೂಡ ದಪ್ಪವಾಗುತ್ತೆ, ಅದು ಜಾಬ್‌ಗೆ ತಾಗುತ್ತೆ. ಕಟರ್ ವ್ಯಾಸದಲ್ಲಿ ಕಾಲರ್ ವ್ಯಾಸ ಕಳೆದು ಅರ್ಧ ಮಾಡಿ. ಅದಕ್ಕಿಂತ ಆಳ ಕಡಿಯಲು ಆಗಲ್ಲ.

ಒಂದು ನಿಜವಾದ ಕೆಲಸಕ್ಕೆ ಹಚ್ಚಿ ನೋಡೋಣ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿಗೆ ಪುಣಜನೂರು ಇದೆ. ಅಲ್ಲಿ ಯಾರದೋ ಕಬ್ಬಿನ ಹಾಲಿನ ಮೆಷಿನ್ ಗಿಯರ್ ಮುರಿಯಿತು ಅಂತಿಟ್ಟುಕೊಳ್ಳಿ. ಹಳೆ ಮೆಷಿನ್, ಸ್ಪೇರ್ ಸಿಗಲ್ಲ, ಮುರಿದ ಗಿಯರ್ ಹಿಡಿದುಕೊಂಡು ಚಾಮರಾಜನಗರಕ್ಕೆ ಬರಬೇಕು. ಮಾಡ್ಯೂಲ್ 3, ಹಲ್ಲು 40. ಬ್ಲಾಂಕ್ ವ್ಯಾಸ 126 ಮಿ.ಮೀ., ಹಲ್ಲಿನ ಆಳ 6.75. ಇನ್‌ವಾಲ್ಯೂಟ್ ಕಟರ್ 3ನೇ ನಂಬರ್, ಅದು 35ರಿಂದ 54 ಹಲ್ಲಿನವರೆಗೆ ನಡೆಯುತ್ತೆ. (40:1 ಡಿವೈಡಿಂಗ್ ಹೆಡ್‌ನಲ್ಲಿ ಹಲ್ಲಿಗೆ ಸರಿಯಾಗಿ ಒಂದು ಸುತ್ತು. ಪರೀಕ್ಷೆಯಲ್ಲಿ ಇಂಥದ್ದು ಯಾಕೋ ಬರಲ್ಲ!) ಕಟರ್ 70, ಕಾಲರ್ 40 ಇದ್ದರೆ 15 ಮಿ.ಮೀ. ಸಿಗುತ್ತೆ, ಬೇಕಾದದ್ದು 6.75. ಅಂದರೆ 27ರ ಆರ್ಬರ್ ಧಾರಾಳವಾಗಿ ನಡೆಯುತ್ತೆ. ತೂತು 27 ಇರುವ ಕಟರ್‌ಗೆ ಬುಷ್ ತುರುಕಿ 22ರ ಆರ್ಬರ್‌ಗೆ ಏರಿಸುವ ಜುಗಾಡ್ ಇಲ್ಲಿ ಬೇಡವೇ ಬೇಡ. ಆರ್ಬರ್ ಮೇಲಕ್ಕೆ ಬಾಗಿದರೆ ಆಳ ಕಮ್ಮಿಯಾಗುತ್ತೆ, ಹಲ್ಲು ದಪ್ಪ ಉಳಿಯುತ್ತೆ. ಆ ಗಿಯರ್ ಜೋಡಿ ಗಿಯರ್‌ನಲ್ಲಿ ಬಿಗಿಯಾಗಿ ಕೂತು, ಕೂಗಿ, ಬೇಗ ಸವೆಯುತ್ತೆ. ಪುಣಜನೂರಿನವರು ಮತ್ತೆ ಬಸ್ ಹತ್ತಬೇಕು, ಅಷ್ಟು ದಿನ ವ್ಯಾಪಾರವೂ ಇಲ್ಲ.

ಸರಿಯಾದ ಆರ್ಬರ್ ಆರಿಸಿದ ಮೇಲೂ ಕೂರಿಸುವಾಗ ಕೆಡಿಸಬಹುದು. ಟೇಪರ್, ಕಾಲರ್‌ಗಳ ಮುಖ ಎಲ್ಲ ಬಟ್ಟೆಯಿಂದ ಒರೆಸಿ. ಎರಡು ಕಾಲರ್ ನಡುವೆ ಒಂದು ಚೂರು ಚಿಪ್ ಸಿಕ್ಕಿಕೊಂಡರೂ ನಟ್ ಬಿಗಿ ಮಾಡಿದಾಗ ಆರ್ಬರ್ ಡೊಂಕಾಗುತ್ತೆ. ಸಪೋರ್ಟ್ ಕೂರಿಸಿದ ಮೇಲೇ ನಟ್ ಪೂರ್ತಿ ಬಿಗಿ ಮಾಡಬೇಕು. ಬಿಚ್ಚುವಾಗ ನಟ್ ಮೊದಲು ಸಡಿಲ, ಸಪೋರ್ಟ್ ಆಮೇಲೆ. ಕೊನೆಗೆ ಡಯಲ್ ಹಿಡಿದು ಆರ್ಬರನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ ನೋಡಿ. ಮುಳ್ಳು ಜೋರಾಗಿ ಓಲಾಡಿದರೆ ಮೋಟರ್ ಹಾಕಬೇಡಿ, ಬಿಚ್ಚಿ ಮತ್ತೆ ಒರೆಸಿ.