ಪರದೆಯ ಮೇಲಿನ ಚಿತ್ರವೂ ಸ್ತಬ್ಧವಾಗುವ ಗಣಕಯಂತ್ರವೂ

ಗಣಕಯಂತ್ರವು ಇದ್ದಕ್ಕಿದ್ದಂತೆ ಸ್ತಬ್ಧವಾಗುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ನಾವು ಕಟ್ಟಕಡೆಗೆ ಸಂಶಯಿಸುವ, ಆದರೆ ಮೊತ್ತಮೊದಲು ಪರೀಕ್ಷಿಸಬೇಕಾದ ಕಾರಣವೊಂದುಂಟು. ಯಾರೂ ಕೆಲಸ ಮಾಡದಿರುವಾಗ ಪರದೆಯ ಮೇಲೆ ತಾನಾಗಿ ಮೂಡಿ ಚಲಿಸತೊಡಗುವ ಚಿತ್ರವೇ ಅದು. ಸ್ಕ್ರೀನ್ ಸೇವರ್ ಎಂಬ ಹೆಸರಿನಿಂದ ಎಲ್ಲರಿಗೂ ಪರಿಚಿತವಾದ ಈ ಚಿತ್ರವು ನೋಡಲು ನಿರುಪದ್ರವಿಯಾದುದರಿಂದ ಅದರ ಮೇಲೆ ಅಪವಾದ ಹೊರಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಅದರ ಸ್ವರೂಪವೇನು, ಅದರಿಂದ ಯಂತ್ರವು ನಿಂತುಹೋಗುವುದು ಹೇಗೆ, ನಿಂತಾಗ ದೋಷವನ್ನು ಕಂಡುಹಿಡಿಯುವ ಕ್ರಮ ಯಾವುದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಹಳೆಯ ಕಾಲದ ದಪ್ಪ ಮಾನಿಟರುಗಳ ಗಾಜಿನ ಒಳಮೈಗೆ ರಂಜಕದ ಲೇಪವಿರುತ್ತಿತ್ತು. ಇಲೆಕ್ಟ್ರಾನುಗಳ ಧಾರೆ ತಾಗಿದಾಗ ಅದು ಬೆಳಗುತ್ತಿತ್ತು. ಒಂದೇ ಅಕ್ಷರ ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ನಿಂತರೆ ಅಲ್ಲಿಯ ಲೇಪ ಬೇಗನೆ ಸವೆದು, ಯಂತ್ರವನ್ನು ಆರಿಸಿದ ಮೇಲೂ ಅಕ್ಷರದ ನೆರಳು ಅಲ್ಲಿಯೇ ಉಳಿಯುತ್ತಿತ್ತು. ಇದಕ್ಕೆ ಪರಿಹಾರವಾಗಿ ಜಾನ್ ಸೋಚಾ ಎಂಬವರು ಬರೆದ ಪುಟ್ಟದೊಂದು ಪ್ರೋಗ್ರಾಮು 1983ರ ಡಿಸೆಂಬರಿನಲ್ಲಿ ಸಾಫ್ಟಾಕ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ನಿಮಿಷ ಕೀಲಿಮಣೆಯನ್ನು ಮುಟ್ಟದಿದ್ದರೆ ಪರದೆಯನ್ನು ಕಪ್ಪಾಗಿಸುವುದು, ಅಷ್ಟೇ ಅದರ ಕೆಲಸ. ಅಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನದ ಅಗತ್ಯವೇ ಬೀಳುತ್ತಿರಲಿಲ್ಲ. ಕಪ್ಪು ಪರದೆಯಿಂದ ಜನರಿಗೆ ತೃಪ್ತಿಯಾಗಲಿಲ್ಲ. 1989ರಲ್ಲಿ ಬಂದ ಆಫ್ಟರ್ ಡಾರ್ಕ್ ಎಂಬ ತಂತ್ರಾಂಶದಲ್ಲಿ ಬ್ರೆಡ್ಡು ಸುಡುವ ಪೆಟ್ಟಿಗೆಗಳಿಗೆ ರೆಕ್ಕೆ ಮೂಡಿ ಅವು ಹಾರತೊಡಗಿದವು. ವಿಂಡೋಸ್ 98ರ ಹೊತ್ತಿಗೆ ಉದ್ದಗಲಗಳ ಜೊತೆಗೆ ಆಳವೂ ತೋರುವ ಚಿತ್ರಗಳು ಮನೆಮನೆಯ ಗಣಕದಲ್ಲಿ ಬಂದು ಕುಳಿತವು.

ಅವುಗಳಲ್ಲೊಂದು ಕೆಂಪು ಇಟ್ಟಿಗೆಯ ಗೋಡೆಗಳ ವ್ಯೂಹ. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಅದರ ನೆನಪಿರಬಹುದು. ನೋಡುವವನೇ ಓಣಿಗಳಲ್ಲಿ ನಡೆಯುತ್ತಿರುವಂತೆ ಭ್ರಮೆ. ನಡುವೆ ಒಂದು ಇಲಿ. ಬೂದುಬಣ್ಣದ ಕಲ್ಲೊಂದನ್ನು ತಾಗಿದರೆ ಇಡೀ ವ್ಯೂಹವೇ ತಲೆಕೆಳಗು. ಆ ಇಟ್ಟಿಗೆಗಳನ್ನು ತೋರಿಸಲು ಯಂತ್ರಕ್ಕೆ ಎಷ್ಟು ಶ್ರಮವಾಗುತ್ತಿತ್ತೆಂಬುದನ್ನು ಲೆಕ್ಕ ಹಾಕೋಣ. ಪರದೆಯಲ್ಲಿ ಅಡ್ಡಕ್ಕೆ 800, ಉದ್ದಕ್ಕೆ 600 ಚುಕ್ಕಿಗಳಿದ್ದರೆ ಒಟ್ಟು 4,80,000 ಚುಕ್ಕಿಗಳಾದವು. ಚಲನೆ ಸಹಜವಾಗಿ ಕಾಣಬೇಕಾದರೆ ಸೆಕೆಂಡಿಗೆ 20 ಸಲವಾದರೂ ಚಿತ್ರವನ್ನು ಹೊಸದಾಗಿ ಬಿಡಿಸಬೇಕು. ಅಂದರೆ ಪ್ರತಿ ಸೆಕೆಂಡಿಗೆ 96 ಲಕ್ಷ ಚುಕ್ಕಿಗಳ ಬಣ್ಣವನ್ನು ಗಣಿಸಬೇಕು. ಈ ಗಣನೆಗೆಂದೇ ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಕ್ಕೆ ಇದು ಆಟ. ಅದಿಲ್ಲದ ಯಂತ್ರದಲ್ಲಿ ಮಾತ್ರ ಸಮಸ್ತ ಭಾರವೂ ಪ್ರೊಸೆಸರಿನ ತಲೆಯ ಮೇಲೆ ಬೀಳುತ್ತದೆ. ವಿಶ್ರಾಂತಿಯಲ್ಲಿದೆಯೆಂದು ನಾವು ತಿಳಿದುಕೊಂಡ ಯಂತ್ರವು ನಿಜವಾಗಿ ದಿನದಲ್ಲೇ ಅತ್ಯಂತ ಕಠಿಣವಾಗಿ ದುಡಿಯುತ್ತಿರುವುದು ಆಗಲೇ. ಒಳಗೆ ಹೋಗಲು ತಿಳಿದು ಹೊರಗೆ ಬರಲು ತಿಳಿಯದ ಅಭಿಮನ್ಯುವಿನಂತೆ ಕೆಲವು ಯಂತ್ರಗಳು ಈ ವ್ಯೂಹದೊಳಗೆ ಸಿಕ್ಕಿಕೊಂಡು ಮರಳಿ ಬಾರದಿದ್ದುದೂ ಉಂಟು.

ನಮ್ಮ ಶಾಲೆಯ ಗಣಕ ಕೊಠಡಿಯಲ್ಲಿಯೇ 2003ರಲ್ಲಿ ಇಂತಹ ಪ್ರಕರಣ ನಡೆಯಿತು. ಅಲ್ಲಿದ್ದ ಆರು ಯಂತ್ರಗಳಲ್ಲಿ ಒಂದನ್ನು ಕಡತಗಳ ಭಂಡಾರವನ್ನಾಗಿ ಮಾಡಿ, ಉಳಿದವನ್ನು ತಂತಿಯ ಮೂಲಕ ಅದಕ್ಕೆ ಜೋಡಿಸಲಾಗಿತ್ತು. ಹತ್ತನೆಯ ತರಗತಿಯ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ನಮ್ಮ ಅಧ್ಯಾಪಕರು ತಯಾರಿಸುತ್ತಿದ್ದ ಮಾದರಿ ಪ್ರಶ್ನೆಪತ್ರಿಕೆಗಳೆಲ್ಲ ಆ ಭಂಡಾರದಲ್ಲಿದ್ದವು. ಪೇಟೆಯಲ್ಲಿ ದೊರೆಯುತ್ತಿದ್ದ ಮಾರ್ಗದರ್ಶಿಗಳು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತಿದ್ದುದರಿಂದ ನಮ್ಮ ಮಕ್ಕಳಿಗೆ ಆ ಪ್ರಶ್ನೆಪತ್ರಿಕೆಗಳೇ ಆಧಾರ. ಅಧ್ಯಾಪಕರು ಟೈಪು ಮಾಡಿ ಉಳಿಸಲು ಹೋದಾಗ ಆಗಾಗ್ಗೆ ಎಲ್ಲ ಯಂತ್ರಗಳೂ ಒಟ್ಟಿಗೆ ನಿಂತುಬಿಡುತ್ತಿದ್ದವು. ಕೆಲವೊಮ್ಮೆ ತಾವಾಗಿ ಚೇತರಿಸಿಕೊಳ್ಳುವವು. ಕೆಲವೊಮ್ಮೆ ಭಂಡಾರದ ಯಂತ್ರವನ್ನೇ ಆರಿಸಿ ಹೊತ್ತಿಸಬೇಕಾಗಿ, ಅರ್ಧ ಗಂಟೆಯ ಬರವಣಿಗೆ ಮಾಯವಾಗುವುದು.

ಪೇಟೆಯಿಂದ ಬಂದ ದುರಸ್ತಿಗಾರರು ಐದು ನಿಮಿಷ ನೋಡಿ, ಹಾರ್ಡ್ ಡಿಸ್ಕನ್ನು ಪೂರ್ತಿ ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕಬೇಕೆಂದರು. ದುರಸ್ತಿಗಾರರ ಬತ್ತಳಿಕೆಯಲ್ಲಿ ಇದು ಬ್ರಹ್ಮಾಸ್ತ್ರ. ಬೇರೆ ಬಾಣಗಳನ್ನು ಹುಡುಕುವ ತಾಳ್ಮೆ ಇಲ್ಲದಾಗ ಇದನ್ನೇ ಬಿಡುತ್ತಾರೆ. ಗಡಿನಾಡಿನ ಶಾಲೆಗೆ ಇದರಿಂದಾಗುವ ನಷ್ಟ ಬೇರೆಯವರಿಗೆ ಹೊಳೆಯುವುದಿಲ್ಲ. ಅವರು ಮತ್ತೆ ತುಂಬಿಸುವ ಸೀಡಿಯಲ್ಲಿ ಕನ್ನಡ ಲಿಪಿ ಇರುವುದಿಲ್ಲ, 'ಬರಹ' ತಂತ್ರಾಂಶ ಇರುವುದಿಲ್ಲ, ನಮ್ಮ ಪ್ರಶ್ನೆಪತ್ರಿಕೆಗಳಂತೂ ಇರುವುದೇ ಇಲ್ಲ. ಆದುದರಿಂದ ದೋಷವೇನೆಂದು ತಿಳಿಯುವವರೆಗೆ ಅಳಿಸುವುದು ಬೇಡವೆಂದು ನಾನು ನಿಶ್ಚಯಿಸಿದೆ. ಬೇಕಾದ ಕಡತಗಳನ್ನು ಫ್ಲಾಪಿಗಳಿಗೆ ನಕಲು ಮಾಡಿಸಿ, ಯಂತ್ರದ ಪಕ್ಕದಲ್ಲಿ ಒಂದು ನೋಟುಪುಸ್ತಕ ಇರಿಸಿದೆವು. ನಿಂತ ಹೊತ್ತು, ಆಗ ಭಂಡಾರದ ಯಂತ್ರದ ಮುಂದೆ ಯಾರಾದರೂ ಇದ್ದರೇ, ಪರದೆಯ ಮೇಲೆ ಏನಿತ್ತು ಎಂಬ ಮೂರನ್ನೇ ಬರೆಯಬೇಕೆಂಬುದು ನಿಯಮ. ಒಂದು ವಾರದೊಳಗೆ ಸಂಗತಿ ತಾನಾಗಿ ಗೋಚರಿಸಿತು: ಭಂಡಾರದ ಯಂತ್ರದ ಮುಂದೆ ಯಾರಾದರೂ ಕುಳಿತಿದ್ದಾಗ ಒಂದು ಸಲವೂ ತೊಂದರೆಯಾಗಿರಲಿಲ್ಲ. ಯಾರೂ ಇಲ್ಲದಾಗ, ಯಾವುದೋ ಪತ್ರಿಕೆಯ ಜೊತೆ ಬಂದ ಸೀಡಿಯಿಂದ ಹಾಕಿದ್ದ ಮೀನಿನ ತೊಟ್ಟಿಯ ಚಿತ್ರ ಅದರ ಪರದೆಯ ಮೇಲೆ ಈಜುತ್ತಿತ್ತು. ಮೀನುಗಳು ಬಹಳ ಚೆಲುವಾಗಿದ್ದವೆಂಬುದನ್ನು ಒಪ್ಪಲೇಬೇಕು.

ಆದರೆ ಸಂಶಯವೇ ಸಾಕ್ಷ್ಯವಲ್ಲ. ಹತ್ತು ನಿಮಿಷದ ನಿಷ್ಕ್ರಿಯತೆಯ ನಂತರ ಯಂತ್ರದಲ್ಲಿ ಬೇರೆ ಕ್ರಿಯೆಗಳೂ ನಡೆಯಬಹುದು: ಮಾನಿಟರು ಆರಬಹುದು, ಡಿಸ್ಕಿನ ತಿರುಗಾಟ ನಿಲ್ಲಬಹುದು, ಇಡೀ ಯಂತ್ರವೇ ನಿದ್ದೆಗೆ ಜಾರಬಹುದು. ಇವುಗಳಲ್ಲಿ ದೋಷಿ ಯಾರು? ಇದನ್ನು ತಿಳಿಯಲು ಸುಲಭವಾದ ಪ್ರಯೋಗವಿದೆ. ಉಳಿದ ಯಾವುದನ್ನೂ ಮುಟ್ಟದೆ, ಚಿತ್ರ ಮೂಡುವ ಅವಧಿಯನ್ನು ಮಾತ್ರ ಹತ್ತು ನಿಮಿಷದಿಂದ ಮೂರು ನಿಮಿಷಕ್ಕೆ ಇಳಿಸಬೇಕು. ತೊಂದರೆಯೂ ಮೂರು ನಿಮಿಷಕ್ಕೆ ಬಂದರೆ ಚಿತ್ರವೇ ಕಾರಣ. ಹತ್ತು ನಿಮಿಷಕ್ಕೇ ಬಂದರೆ ಬೇರೆಡೆ ಹುಡುಕಬೇಕು. ನಮ್ಮಲ್ಲಿ ಅದು ಮೂರು ನಿಮಿಷಕ್ಕೆ ಬಂದಿತು. ಬಳಿಕ ಮೀನುಗಳನ್ನು ತೆಗೆದು ಬರಿಯ ಕಪ್ಪು ಪರದೆಯನ್ನಿಟ್ಟಾಗ ವಾರಪೂರ್ತಿ ಎಲ್ಲವೂ ಸುಸೂತ್ರ. ಪುನಃ ಮೀನುಗಳನ್ನು ಹಾಕಿದಾಗ ಮರುದಿನವೇ ತೊಂದರೆ. ಈ ಮೂರನೆಯ ಹೆಜ್ಜೆಯನ್ನು ಬಹುತೇಕ ಜನರು ಬಿಟ್ಟುಬಿಡುತ್ತಾರೆ. ಕಾರಣವನ್ನು ತೆಗೆದಾಗ ಕಾರ್ಯ ನಿಲ್ಲಬೇಕು, ಮರಳಿ ಇಟ್ಟಾಗ ಕಾರ್ಯ ಮರಳಬೇಕು. ವಿಜ್ಞಾನದ ಪಾಠದಲ್ಲಿ ಮಕ್ಕಳಿಗೆ ಹೇಳಿಕೊಡುವುದನ್ನೇ ನಾವು ಇಲ್ಲಿಯೂ ಪಾಲಿಸಿದೆವು. ಭಂಡಾರದ ಪ್ರೊಸೆಸರು ಮೀನುಗಳನ್ನು ಬಿಡಿಸುವುದರಲ್ಲಿ ಮಗ್ನವಾಗಿದ್ದುದರಿಂದ ಉಳಿದ ಐದು ಯಂತ್ರಗಳ ಬೇಡಿಕೆಗೆ ಉತ್ತರಿಸಲು ಅದಕ್ಕೆ ಪುರುಸೊತ್ತು ಇರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಭಂಡಾರದ ಯಂತ್ರವೇ ಪೂರ್ತಿ ನಿಂತುಬಿಡುತ್ತಿದ್ದುದು ಮಾತ್ರ ಬೇರೆಯದೇ ಬಗೆಯ ಸ್ತಬ್ಧತೆ. ಇವನ್ನು ಬೇರ್ಪಡಿಸಲು ಕೀಲಿಮಣೆಯಲ್ಲಿಯೇ ಉಪಾಯವಿದೆ. ಅಂಕಿಗಳ ಮೇಲಿರುವ ನಮ್ ಲಾಕ್ ಕೀಲಿಯನ್ನು ಒತ್ತಿರಿ. ಅದರ ಪುಟ್ಟ ದೀಪ ಹೊತ್ತಿ ಆರಿದರೆ ಯಂತ್ರಕ್ಕೆ ಜೀವವಿದೆಯೆಂದು ಅರ್ಥ. ಕಾದರೆ ಅಥವಾ ಸಿಕ್ಕಿಕೊಂಡ ಪ್ರೋಗ್ರಾಮನ್ನು ಮುಚ್ಚಿದರೆ ಮರಳಿ ಬರಬಹುದು. ದೀಪವೂ ಅಲುಗದಿದ್ದರೆ ತೊಂದರೆ ಆಳದ್ದು. ಆಗ ಮೊದಲ ಸಂಶಯ ಗ್ರಾಫಿಕ್ಸ್ ಡ್ರೈವರಿನ ಮೇಲೆ, ಅಂದರೆ ಕಾರ್ಯನಿರ್ವಹಣಾ ವ್ಯವಸ್ಥೆಗೂ ಪರದೆಯ ಚಿಪ್ಪಿಗೂ ನಡುವೆ ದುಭಾಷಿಯಾಗಿರುವ ತಂತ್ರಾಂಶದ ಮೇಲೆ. ಸಾಮಾನ್ಯ ಬರವಣಿಗೆಯಲ್ಲಿ ಈ ದುಭಾಷಿಗೆ ಹೆಚ್ಚು ಕೆಲಸವಿಲ್ಲ. ಆಳವುಳ್ಳ ಚಿತ್ರ ಬಂದಾಗಲೇ ಅದರ ಅಪರಿಚಿತ ಭಾಗಗಳೆಲ್ಲ ಬಳಕೆಗೆ ಬಂದು ದೋಷ ಹೊರಬೀಳುತ್ತದೆ. ವಿಂಡೋಸ್ 98 ಮತ್ತು ಎಕ್ಸ್‌ಪಿಯಲ್ಲಿ ಡಿಸ್ಪ್ಲೇ ವ್ಯವಸ್ಥೆಯೊಳಗೆ ಹಾರ್ಡ್‌ವೇರ್ ವೇಗವರ್ಧನೆಯನ್ನು ಹಂತಹಂತವಾಗಿ ಇಳಿಸುವ ಜಾರುಗುಂಡಿಯಿತ್ತು. ಅದನ್ನು ಒಂದೊಂದೇ ಹಂತ ಇಳಿಸಿದಾಗ ತೊಂದರೆ ನಿಂತರೆ, ಯಂತ್ರ ತಯಾರಕರು ಕೊಡುವ ಹೊಸ ಡ್ರೈವರನ್ನು ಹಾಕುವುದೇ ಮದ್ದು.

ಡ್ರೈವರು ಬದಲಿಸಿದರೂ ನಿಲ್ಲದಿದ್ದರೆ ಪೆಟ್ಟಿಗೆ ತೆರೆಯಬೇಕು. ನಮ್ಮ ಕಡೆಯ ಮುರಮಣ್ಣಿನ ಕೆಂಪು ಧೂಳು ಫ್ಯಾನಿನ ಎಸಳುಗಳಿಗೆ ಮೆತ್ತಿಕೊಂಡು ಗಾಳಿಯನ್ನು ತಡೆಯುತ್ತದೆ. ಬರವಣಿಗೆಯ ವೇಳೆ ತಣ್ಣಗಿರುವ ಪ್ರೊಸೆಸರು ಚಿತ್ರ ಬಿಡಿಸುವಾಗ ಕಾದು ನಿಲ್ಲುತ್ತದೆ. ಇದನ್ನು ಗುರುತಿಸಲು ಒಂದು ಲಕ್ಷಣವಿದೆ. ಡ್ರೈವರಿನ ದೋಷವಾದರೆ ಚಿತ್ರ ಮೂಡಿದ ಕೂಡಲೇ ಅಥವಾ ಅಳಿಯುವಾಗ ಯಂತ್ರ ನಿಲ್ಲುವುದು ಹೆಚ್ಚು. ಶಾಖವಾದರೆ ಚಿತ್ರ ಬಹಳ ಹೊತ್ತು ಓಡಿದ ಮೇಲೆ, ಅದರಲ್ಲಿಯೂ ಬೇಸಿಗೆಯ ಮಧ್ಯಾಹ್ನ. ಪ್ಲಗ್ ಕಳಚಿ, ಮೆದು ಕುಂಚದಿಂದ ಧೂಳು ತೆಗೆಯಬೇಕು. ಒಳಗೆ ಹಲ್ಲಿಯ ಮೊಟ್ಟೆ ದೊರೆತರೆ ಗಾಬರಿ ಬೇಡ, ನಮ್ಮಲ್ಲಿ ಅದು ಸಾಮಾನ್ಯ.

ಮೇಲೆ ಹೇಳಿದ ಹಳೆಯ ವ್ಯವಸ್ಥೆಗಳ ಕಾಲ ಮುಗಿಯಿತು. ಎಕ್ಸ್‌ಪಿಗೆ ತಯಾರಕರ ಬೆಂಬಲವೂ 2014ರ ಏಪ್ರಿಲಿನಲ್ಲಿ ನಿಂತಿತು. ವಿಂಡೋಸ್ ವಿಸ್ಟಾದಿಂದೀಚೆಗೆ, ಗ್ರಾಫಿಕ್ಸ್ ಚಿಪ್ಪು ಎರಡು ಸೆಕೆಂಡುಗಳವರೆಗೆ ಉತ್ತರಿಸದಿದ್ದರೆ ವ್ಯವಸ್ಥೆಯೇ ಅದನ್ನು ಮರುಚಾಲನೆಗೊಳಿಸುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮರಳಿದರೆ ನಡೆದುದು ಇದೇ ಇರಬಹುದು. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಲಿಗಳನ್ನು ಹಿಡಿದು ಬಿ ಅಕ್ಷರವನ್ನು ಒತ್ತಿದರೆ ಅದೇ ಕೆಲಸವನ್ನು ನಾವೂ ಮಾಡಿಸಬಹುದು. ಕೇರಳದ ಶಾಲೆಗಳಲ್ಲಿ ಬಳಕೆಗೆ ಬಂದ ಲಿನಕ್ಸಿನಲ್ಲಿ ಪರದೆ ನಿಂತರೂ ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳಿಂದ ಬರಿಯ ಅಕ್ಷರಗಳ ಪರದೆಗೆ ದಾಟಲು ಎಷ್ಟೋ ಸಲ ಸಾಧ್ಯವಾಗುತ್ತದೆ. ದಾಟಿದರೆ ಯಂತ್ರವು ಜೀವಂತವಿದೆ, ಸಿಕ್ಕಿಕೊಂಡಿರುವುದು ಚಿತ್ರದ ಭಾಗ ಮಾತ್ರ.

ಇನ್ನೊಂದು ಅಪಾಯವನ್ನು ಹೇಳದೆ ಇರಲಾರೆ. ವಿಂಡೋಸಿನಲ್ಲಿ ಎಸ್‌ಸಿಆರ್ ಎಂದು ಕೊನೆಗೊಳ್ಳುವ ಕಡತವು ಚಿತ್ರವಲ್ಲ, ಪೂರ್ಣ ಪ್ರಮಾಣದ ಪ್ರೋಗ್ರಾಮು. ದೇವರ ಚಿತ್ರ, ಜಲಪಾತ, ದೀಪಾವಳಿಯ ಹಣತೆ ಎಂದು ಯಾರೋ ಕಳುಹಿಸಿದ ಅಂತಹ ಕಡತವನ್ನು ತೆರೆಯುವುದೆಂದರೆ ಅಪರಿಚಿತನ ಕೈಗೆ ಮನೆಯ ಬೀಗದ ಕೈ ಕೊಟ್ಟಂತೆ. ಅದರೊಳಗೆ ವೈರಸ್ ಅಡಗಿರುವ ಸಾಧ್ಯತೆಯುಂಟು.

ಈಗಿನ ತೆಳು ಎಲ್‌ಸಿಡಿ ಪರದೆಗಳಲ್ಲಿ ಸವೆಯುವ ರಂಜಕದ ಲೇಪವೇ ಇಲ್ಲ. ಚಲಿಸುವ ಚಿತ್ರದಿಂದ ವಿದ್ಯುತ್ತಿನ ಉಳಿತಾಯವೂ ಇಲ್ಲ, ಏಕೆಂದರೆ ಪರದೆಯ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ, ಪ್ರೊಸೆಸರು ದುಡಿಯುತ್ತಲೇ ಇರುತ್ತದೆ. ಒಎಲ್ಇಡಿ ಪರದೆಗಳಲ್ಲಿ ನೆರಳು ಉಳಿಯುವ ಭಯ ಪುನಃ ಬಂದಿದೆಯಾದರೂ ಅದಕ್ಕೂ ಪರದೆಯನ್ನು ಆರಿಸುವುದೇ ಉತ್ತಮ ಉಪಾಯ. ಆದುದರಿಂದ ಶಾಲೆಯ ಯಂತ್ರಗಳಲ್ಲಿ ಚಿತ್ರದ ಜಾಗದಲ್ಲಿ 'ಯಾವುದೂ ಬೇಡ' ಎಂಬುದನ್ನು ಆರಿಸಿ, ಹತ್ತು ನಿಮಿಷಕ್ಕೆ ಪರದೆ ಆರುವಂತೆ ವಿಧಿಸಿದರೆ ಸಾಕು. ಇತರ ಯಂತ್ರಗಳಿಗೆ ಕಡತ ಒದಗಿಸುವ ಭಂಡಾರದ ಯಂತ್ರವಿದ್ದರೆ ಅದು ನಿದ್ದೆಗೆ ಹೋಗದಂತೆಯೂ ವಿಧಿಸಬೇಕು. ಇಲ್ಲವಾದರೆ ಮೀನುಗಳಿಲ್ಲದೆಯೂ ಉಳಿದ ಐದು ಯಂತ್ರಗಳು ಅದಕ್ಕಾಗಿ ಕಾಯುತ್ತ ಕುಳಿತಿರುತ್ತವೆ.