ಬೋಡಿ ಬೆಟ್ಟವೇ ಯಾಕೆ ಬೇಕಿತ್ತು?

ಪ್ರಶ್ನೆ: ನಾವು ಶಬರಿಮಲೆಗೆ ಹೋಗುವುದು ದಿಂಡಿಗಲ್, ತೇನಿ, ಕಂಬಂ ದಾರಿಯಾಗಿ. ಅಲ್ಲಿ ಬೋಡಿನಾಯಕನೂರಿನ ಬೆಟ್ಟ ಕೊರೆದು ನ್ಯೂಟ್ರಿನೊ ಪ್ರಯೋಗಾಲಯ ಕಟ್ಟುತ್ತಾರೆಂದು ಹಿಂದೆ ಓದಿದ್ದೆ. ದೇಶದ ತುಂಬ ಬೆಟ್ಟಗಳಿರುವಾಗ ಅದೇ ಯಾಕೆ? ಆ ಕಲ್ಲಿನಲ್ಲಿ ಅಂಥದ್ದೇನಿದೆ? ಕೋಲಾರದ ಗಣಿಯಲ್ಲೂ ಇಂಥ ಪ್ರಯೋಗ ನಡೆದಿತ್ತಂತಲ್ಲ, ಅಲ್ಲೇ ಮುಂದುವರಿಸಬಹುದಿತ್ತಲ್ಲವೆ?
ಕನಕಪುರದ ಓದುಗರೊಬ್ಬರು

ಉತ್ತರ: ಕೋಲಾರದ್ದನ್ನು ಮೊದಲು ಮುಗಿಸೋಣ. ನೀವು ಕೇಳಿದ್ದು ನಿಜ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ 2.3 ಕಿ.ಮೀ. ಕೆಳಗೆ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳ ಜಾಡು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಬೇರೊಂದು ತಂಡಕ್ಕೂ ಅವು ಸಿಕ್ಕವು. ಜಗತ್ತಿನಲ್ಲಿ ಅವೇ ಮೊದಲು.

ಅಷ್ಟು ಆಳಕ್ಕೆ ಇಳಿಯುವುದು ಯಾಕೆಂದರೆ, ಮೇಲೆ ವಿಪರೀತ ಗದ್ದಲ. ಆಕಾಶದಿಂದ ಮ್ಯೂಆನ್ ಎಂಬ ಕಣಗಳು ಬೀಳುತ್ತಲೇ ಇರುತ್ತವೆ. ನೀವು ಅಂಗೈ ಚಾಚಿ ನಿಂತರೆ ಸೆಕೆಂಡಿಗೆ ಒಂದಾದರೂ ಅದರ ಮೂಲಕ ಹಾದುಹೋಗುತ್ತದೆ. ನ್ಯೂಟ್ರಿನೊ ಉಪಕರಣಕ್ಕೆ ತಾಗುವುದೋ ತೀರ ಅಪರೂಪ. ಮ್ಯೂಆನ್‌ಗಳ ಈ ಸುರಿಮಳೆಯಲ್ಲಿ ಅದು ಕಾಣಿಸಬೇಕಾದರೆ ನಡುವೆ ಕಲ್ಲು ಬೇಕು. ಒಂದೂಕಾಲು ಕಿಲೋಮೀಟರಿನಷ್ಟು ಕಲ್ಲು ಅಡ್ಡ ಬಂದರೆ ಮ್ಯೂಆನ್‌ಗಳು ಸುಮಾರು ಹತ್ತು ಲಕ್ಷಕ್ಕೊಂದರಂತೆ ಇಳಿಯುತ್ತವೆ. ನ್ಯೂಟ್ರಿನೊ ಮಾತ್ರ ಕಲ್ಲು ಇದೆಯೆಂಬುದೇ ಗೊತ್ತಿಲ್ಲದಂತೆ ಬರುತ್ತದೆ.

ಹಾಗಾದರೆ ಕೋಲಾರ ಯಾಕಾಗದು? ಗಣಿ 2001ರಲ್ಲಿ ಮುಚ್ಚಿತು, ಆಮೇಲೆ ಒಳಗೆಲ್ಲ ನೀರು ತುಂಬಿತು. ಕಲ್ಲು ತನ್ನಷ್ಟಕ್ಕೆ ಸಿಡಿಯುವ ‘ರಾಕ್ ಬರ್ಸ್ಟ್’ಗೆ ಆ ಗಣಿ ಮೊದಲಿನಿಂದಲೂ ಕುಖ್ಯಾತ. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯನ್ನು ಕೆಜಿಎಫ್‌ನಲ್ಲೇ ತೆರೆದದ್ದು ಸುಮ್ಮನೆ ಅಲ್ಲ. ಇದೆಲ್ಲ ಇಲ್ಲದಿದ್ದರೂ ಕೆಲಸ ಆಗುತ್ತಿರಲಿಲ್ಲ. ಹೊಸ ಪ್ರಯೋಗಕ್ಕೆ ಬೇಕಾದದ್ದು ಸುಮಾರು 50,000 ಟನ್ ಕಬ್ಬಿಣದ ತಗಡುಗಳನ್ನು ಪೇರಿಸಿದ ಅಯಸ್ಕಾಂತ, ಅದನ್ನಿಡಲು 132 ಮೀಟರ್ ಉದ್ದ, 26 ಮೀಟರ್ ಅಗಲ, 20 ಮೀಟರ್ ಎತ್ತರದ ಗುಹೆ. ಇಷ್ಟನ್ನು ಗಣಿಯ ಬಾವಿಯಲ್ಲಿ ಲಿಫ್ಟ್ ಕಟ್ಟಿ ಇಳಿಸಲಾಗದು. ಲಾರಿ ನೇರ ಒಳಗೆ ಹೋಗಬೇಕು. ಅಂದರೆ ಕೆಳಕ್ಕೆ ಇಳಿಯುವ ಬದಲು ಎತ್ತರದ ಬೆಟ್ಟದ ಬುಡದಿಂದ ಅಡ್ಡಲಾಗಿ ಸುರಂಗ ಕೊರೆಯಬೇಕು. ಪೊಟ್ಟಿಪುರಂ ಎಂಬ ಹಳ್ಳಿಯ ಹಿಂದಿನ ಬೋಡಿ ಪಶ್ಚಿಮ ಬೆಟ್ಟದಲ್ಲಿ ಸುಮಾರು ಎರಡು ಕಿ.ಮೀ. ಸುರಂಗ ತೋಡಿದರೆ ತಲೆಯ ಮೇಲೂ ಅಕ್ಕಪಕ್ಕಕ್ಕೂ ಕಿಲೋಮೀಟರಿಗೆ ಕಡಿಮೆಯಿಲ್ಲದಂತೆ ಕಲ್ಲು ಸಿಗುತ್ತದೆ. ಮಣ್ಣು ಮುಚ್ಚಿದ ಗುಡ್ಡವಾದರೆ ಸಾಲದು. 26 ಮೀಟರ್ ಅಗಲದ ಚಾವಣಿ ನಡುವೆ ಕಂಬವಿಲ್ಲದೆ ನಿಲ್ಲಬೇಕು, ಅದೂ ದಶಕಗಳ ಕಾಲ.

ಈಗ ಕಲ್ಲಿನ ವಿಷಯ. ಬೋಡಿ ಬೆಟ್ಟದ್ದು ಚಾರ್ನಕೈಟ್. ಕೊಲ್ಕತ್ತದಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಕ್‌ನ ಸಮಾಧಿಯ ಕಲ್ಲನ್ನು ಪರೀಕ್ಷಿಸಿದ ಭೂವಿಜ್ಞಾನಿ ಥಾಮಸ್ ಹಾಲೆಂಡ್ 1893ರಲ್ಲಿ ಇಟ್ಟ ಹೆಸರಿದು. ಆ ಕಲ್ಲು ಹೋದದ್ದು ಮದ್ರಾಸಿನ ಕಡೆಯಿಂದ. ಹೊಸದಾಗಿ ಒಡೆದ ಮುಖ ಎಣ್ಣೆ ಸವರಿದಂತೆ ಹಸಿರು ಮಿಶ್ರಿತ ಬೂದು ಬಣ್ಣಕ್ಕೆ ಹೊಳೆಯುತ್ತದೆ. ನೀಲಗಿರಿ, ಕೊಡಗು, ಬಿಳಿಗಿರಿರಂಗನ ಬೆಟ್ಟ, ಕೊಡೈಕೆನಾಲಿನ ಪಳನಿ ಬೆಟ್ಟಗಳಲ್ಲೆಲ್ಲ ಇದರ ಬಂಧುಗಳೇ ಇವೆ.

ಇದರ ಗಟ್ಟಿತನದ ಗುಟ್ಟು ಒಂದೇ: ಇದರೊಳಗೆ ನೀರಿಲ್ಲ. ಬಿರುಕಿನಲ್ಲಿ ಜಿನುಗುವ ನೀರಲ್ಲ, ನಾನು ಹೇಳುತ್ತಿರುವುದು ಹರಳಿನೊಳಗೇ ಕಟ್ಟಿಕೊಂಡಿರುವ ನೀರಿನ ಮಾತು. ನಮ್ಮ ಬಯಲುಸೀಮೆಯ ಬೂದು ನೈಸ್ ಕಲ್ಲಿನಲ್ಲಿ ಕಪ್ಪು ಕಾಗೆಬಂಗಾರವೂ ಹಾರ್ನ್‌ಬ್ಲೆಂಡೂ ಇರುತ್ತವೆ. ಎರಡರ ರಚನೆಯಲ್ಲೂ ನೀರಿನ ಅಂಶ ಸೇರಿಕೊಂಡಿರುತ್ತದೆ. ಇಪ್ಪತ್ತು ಮೂವತ್ತು ಕಿ.ಮೀ. ಆಳದಲ್ಲಿ, ಏಳೆಂಟುನೂರು ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆ ಹರಳುಗಳು ಮುರಿದು, ನೀರು ಹೊರಬಿದ್ದು, ನೀರೇ ಬೇಡದ ಪೈರಾಕ್ಸೀನ್ ಎಂಬ ಖನಿಜ ಹುಟ್ಟುತ್ತದೆ. ಹಸಿ ಇಟ್ಟಿಗೆ ಗೂಡಿನಲ್ಲಿ ಬೆಂದು ಗಟ್ಟಿಯಾದ ಹಾಗೆ. ಕಾಗೆಬಂಗಾರದ ಪದರ ಹೋದ ಮೇಲೆ ಕಲ್ಲಿಗೆ ಸುಲಭವಾಗಿ ಸೀಳುವ ಎಳೆಯೂ ಉಳಿಯುವುದಿಲ್ಲ.

ಈ ಬದಲಾವಣೆ ನಡುದಾರಿಯಲ್ಲೇ ನಿಂತುಹೋದ ಜಾಗ ಇರುವುದು ಬೇರೆಲ್ಲೂ ಅಲ್ಲ, ನಿಮ್ಮದೇ ತಾಲ್ಲೂಕಿನ ಕಬ್ಬಾಳದುರ್ಗದಲ್ಲಿ. ಬೆಟ್ಟದ ಬುಡದ ಕ್ವಾರಿಯಲ್ಲಿ ಬೂದು ನೈಸ್ ಕಲ್ಲಿನ ನಡುನಡುವೆ ಬಿರುಕುಗಳ ಗುಂಟ ಎಣ್ಣೆಗಪ್ಪಿನ ಮಚ್ಚೆಗಳು ಕಾಣುತ್ತವೆ. ಅವೇ ಚಾರ್ನಕೈಟ್. ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಇದನ್ನು ಗುರುತಿಸಿ 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಹಾಲೆಂಡ್ ಕಾಲದಿಂದ ಚಾರ್ನಕೈಟ್ ಅಂದರೆ ಕರಗಿದ ಶಿಲಾಪಾಕ ಆರಿ ಆದದ್ದು ಎಂಬ ಮಾತಿತ್ತು. ಇಲ್ಲಿ ಗಟ್ಟಿ ಕಲ್ಲೇ ಚಾರ್ನಕೈಟ್ ಆಗುತ್ತಿದ್ದ ಸಾಕ್ಷಿ ಸಿಕ್ಕಿತು. ಮೈಸೂರು ವಿಶ್ವವಿದ್ಯಾಲಯದ ಎ. ಎಸ್. ಜನಾರ್ದನ್ ಅಮೆರಿಕದ ಇಬ್ಬರು ವಿಜ್ಞಾನಿಗಳೊಡನೆ 1982ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಭೂಮಿಯ ಆಳದಿಂದ ಬಿರುಕಿನ ಮೂಲಕ ಏರಿದ ಇಂಗಾಲದ ಡೈಆಕ್ಸೈಡ್ ನೀರನ್ನು ಹೊರದಬ್ಬಿತು ಎಂದು ವಾದಿಸಿದರು. ಎಲ್ಲ ಚಾರ್ನಕೈಟಿಗೂ ಇದು ಹೊಂದುವುದಿಲ್ಲ. ಶಿಲಾಪಾಕದಿಂದಲೇ ನೇರವಾಗಿ ಆದವೂ ಇವೆ, ತಕರಾರು ಇಂದಿಗೂ ಬಗೆಹರಿದಿಲ್ಲ. ಕಬ್ಬಾಳಮ್ಮನ ಜಾತ್ರೆಗೆ ಹೋಗುವ ಸಾವಿರಾರು ಜನರಲ್ಲಿ ಒಬ್ಬರಿಗಾದರೂ ಇದನ್ನು ಹೇಳುವ ಒಂದು ಫಲಕ ಅಲ್ಲಿರಬೇಕಿತ್ತು ಎಂದು ನನಗನ್ನಿಸುತ್ತದೆ.

ಕಬ್ಬಾಳದ್ದು ಸುಮಾರು 250 ಕೋಟಿ ವರ್ಷ ಹಿಂದಿನ ಘಟನೆ. ತೇನಿಯ ಸೀಮೆ ಅದಾದ ಮೇಲೂ ಒಮ್ಮೆ ಬೆಂದಿದೆ. ಸುಮಾರು 55 ಕೋಟಿ ವರ್ಷಗಳ ಹಿಂದೆ ಗೊಂಡ್ವಾನ ಮಹಾಖಂಡದ ತುಂಡುಗಳು ಒಂದಕ್ಕೊಂದು ಬೆಸೆದಾಗ ಈ ಭಾಗ ಮತ್ತೆ ಒಲೆಗೆ ಬಿತ್ತು. ವತ್ತಲಗುಂಡಿನಿಂದ ಪೆರಿಯಕುಲಂ ಕಡೆಗೆ ಹೋಗುವಾಗ ಗಂಗುವಾರ್‌ಪಟ್ಟಿ ಎಂಬ ಊರು ಸಿಗುತ್ತದೆ. ಅಲ್ಲಿನ ಕಲ್ಲಿನಲ್ಲಿ ಸ್ಯಾಫಿರೀನ್ ಎಂಬ ಅಪರೂಪದ ಖನಿಜವಿದೆ; ಅದರ ಜೊತೆಗಾರ ಖನಿಜಗಳನ್ನು ನೋಡಿ ಆ ಕಲ್ಲು 900 ಡಿಗ್ರಿಯನ್ನೂ ಮೀರಿ, 1000ದ ಹತ್ತಿರದ ಶಾಖ ಕಂಡಿತ್ತೆಂದು ಲೆಕ್ಕ ಹಾಕಿದ್ದಾರೆ. ಅದರ ಮೇಲಿದ್ದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದಪ್ಪದ ನೆಲ ಸವೆದು ಹೋದ್ದರಿಂದ ಇವತ್ತು ಅದು ರಸ್ತೆ ಬದಿಯಲ್ಲಿದೆ.

ಹಾಗೆಂದು ಅಲ್ಲಿನ ಕಲ್ಲೆಲ್ಲ ಅಖಂಡ ಎಂದುಕೊಳ್ಳಬೇಡಿ. ಕಂಬಂ ಕಣಿವೆಯಲ್ಲಿ ಸುರುಳಿ ಶಿಯರ್ ವಲಯ ಎಂಬ ಪುರಾತನ ಸೀಳು ಹಾಯುತ್ತದೆ. ಆ ಸೀಳಿನಲ್ಲಿ ಕಲ್ಲು ಉಜ್ಜಿ ಜಜ್ಜಿಹೋಗಿದೆ. ದ್ರಾಕ್ಷಿತೋಟ, ಬಾಳೆತೋಟ ಕಾಣುವುದು ತಗ್ಗಿನಲ್ಲಿ, ಇಕ್ಕೆಲದ ಬೆಟ್ಟ ನಿಂತದ್ದು ಗಟ್ಟಿ ಕಲ್ಲಿನ ಬಲದಿಂದ. (ಕಂಬಂನಲ್ಲಿ ಚಹಾಕ್ಕೆ ಇಳಿದಾಗ ಕಿವಿಗೊಡಿ, ಅಲ್ಲಿನ ಒಕ್ಕಲಿಗ ಕಾಪಿಲಿಯರ ಮನೆಮಾತು ಕನ್ನಡವೇ.)

ಯೋಜನೆಗೆ ಮೊದಲು ನೋಡಿದ್ದು ನೀಲಗಿರಿಯ ಸಿಂಗಾರ. ಅದೂ ಚಾರ್ನಕೈಟೇ. ಮುದುಮಲೈ ಹುಲಿ ಮೀಸಲಿನ ಪಕ್ಕದಲ್ಲಿದೆಯೆಂದು 2009ರಲ್ಲಿ ಕೈಬಿಟ್ಟರು. ಬೋಡಿಗೆ ಕೇಂದ್ರ ಸಂಪುಟ 2015ರ ಜನವರಿಯಲ್ಲಿ 1,500 ಕೋಟಿ ರೂಪಾಯಿ ಒಪ್ಪಿತು. ಆಮೇಲೆ ಹೋರಾಟ, ಮೊಕದ್ದಮೆ. 2022ರಲ್ಲಿ ತಮಿಳುನಾಡು ಸರ್ಕಾರ ಹುಲಿಗಳ ಓಡಾಟದ ಹಾದಿಯ ಕಾರಣ ಕೊಟ್ಟು ಅನುಮತಿ ಕೊಡಲಾಗದೆಂದು ಸುಪ್ರೀಂ ಕೋರ್ಟಿಗೆ ತಿಳಿಸಿತು. ನ್ಯೂಟ್ರಿನೊದಿಂದ ಜನರಿಗೆ ವಿಕಿರಣದ ಅಪಾಯ ಎಂಬ ಭಯಕ್ಕೆ ಆಧಾರವಿಲ್ಲ. ನಾವು ಹುಟ್ಟಿದಂದಿನಿಂದಲೂ ಅವು ನಮ್ಮ ಮೈಯೊಳಗೆ ಹಾದುಹೋಗುತ್ತಿವೆ. ಆದರೆ ಸಿಡಿಮದ್ದು, ಕೊರೆದು ತೆಗೆದ ಕಲ್ಲಿನ ರಾಶಿ, ಮತಿಕೆಟ್ಟಾನ್ ಶೋಲಾ ರಾಷ್ಟ್ರೀಯ ಉದ್ಯಾನದ ಸಾಮೀಪ್ಯ, ಇವುಗಳನ್ನು ಎತ್ತಿದವರ ಪ್ರಶ್ನೆಗಳು ಬೇರೆ. ಕಲ್ಲು ಒಳ್ಳೆಯದು ಎಂಬುದು ಅವುಗಳಿಗೆ ಉತ್ತರವಾಗುವುದಿಲ್ಲ.

ಸದ್ಯಕ್ಕೆ ಕಟ್ಟಿ ನಿಲ್ಲಿಸಿರುವುದು ಮದುರೈಯಲ್ಲಿ 85 ಟನ್ನಿನ ಒಂದು ಪುಟ್ಟ ಮಾದರಿ. ಅದರ ಮೇಲೆ ಬೆಟ್ಟವಿಲ್ಲ, ಹಾಗಾಗಿ ಅದು ದಾಖಲಿಸುವುದು ಮ್ಯೂಆನ್‌ಗಳನ್ನು.