ಕೆಟ್ಟ ವಾರಾಂತ್ಯಕ್ಕೆ ದೊಡ್ಡಪ್ಪನ ಕಿವಿಮಾತು

ಪುಟ್ಟಿ, ಕೊಲರಾಡೊದ ಡುರಾಂಗೊದಲ್ಲಿ ನಡೆದ ಮೌಂಟನ್ ಬೈಕ್ ರೇಸಿನಿಂದ ವಾಪಸು ಬಂದು ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ನಾನೂ ನಿನ್ನ ದೊಡ್ಡಮ್ಮನೂ ಸ್ಪೀಕರ್ ಹಾಕಿಕೊಂಡು ಕೇಳಿದೆವು. ಶನಿವಾರ ಕ್ರಾಸ್‌ಕಂಟ್ರಿಯಲ್ಲಿ ಪಂಕ್ಚರ್, ಆಮೇಲೆ ಗೇರು ಬದಲಿಸುವ ಡಿರೇಲರ್ ಕಿತ್ತುಬಂದದ್ದು, ಸೈಕಲ್ ತಳ್ಳಿಕೊಂಡು ಎಲ್ಲರಿಗಿಂತ ಕೊನೆಗೆ ಬಂದದ್ದು. ಭಾನುವಾರ, ಸಣ್ಣ ಸುತ್ತಿನ ಓಟವಾದ ಶಾರ್ಟ್ ಟ್ರ್ಯಾಕ್‌ನಲ್ಲಿ ಬಿದ್ದು, ಹೆಲ್ಮೆಟ್ ನೆಲಕ್ಕೆ ಬಡಿದರೂ ಎದ್ದು ಮತ್ತೆ ತುಳಿದದ್ದು. ಮೊದಲನೆಯದನ್ನು ನಾಚಿಕೊಂಡು ಹೇಳಿದೆ, ಎರಡನೆಯದನ್ನು ಹೆಮ್ಮೆಯಿಂದ. ನನಗೆ ಅದು ತಲೆಕೆಳಗಾಗಿ ಕಂಡಿತು. ಕೊಲರಾಡೊದ ಕಾಲೇಜು ರೇಸುಗಳಲ್ಲಿ ಬಾವುಟ ಹಿಡಿದು ತಿರುವಿನಲ್ಲಿ ನಿಲ್ಲುವ ಕೆಲಸವನ್ನು ವರ್ಷಗಟ್ಟಲೆ ಮಾಡಿದವನು ನಾನು. ಮಕ್ಕಳು ಎಲ್ಲಿ ಬೀಳುತ್ತಾರೆ, ಬಿದ್ದ ಮೇಲೆ ಏನು ಸುಳ್ಳು ಹೇಳುತ್ತಾರೆ ಎಂಬುದು ಗೊತ್ತು. ಯಾವುದನ್ನು ಸಹಿಸಬೇಕು, ಯಾವುದನ್ನು ಸಹಿಸಲೇಬಾರದು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

• ಮೊದಲು ತಲೆಯ ವಿಷಯ. ಇದನ್ನು ಓದಿ ಮುಗಿಸುವ ಮುಂಚೆಯೇ ಕ್ಯಾಂಪಸ್ಸಿನ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೋ. ಮಿದುಳಿಗೆ ಪೆಟ್ಟಾಗಬೇಕಾದರೆ ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ. ಬಹಳಷ್ಟು ಮಂದಿಗೆ ತಪ್ಪುವುದೇ ಇಲ್ಲ. ತಲೆನೋವು, ಬೆಳಕು ಕಂಡರೆ ಕಿರಿಕಿರಿ, ಓದಿದ ಸಾಲನ್ನೇ ಮತ್ತೆ ಮತ್ತೆ ಓದುವುದು, ಸುಮ್ಮಸುಮ್ಮನೆ ಅಳು ಬರುವುದು, ಇವೆಲ್ಲ ಒಂದೆರಡು ದಿನ ಬಿಟ್ಟೂ ಕಾಣಿಸಿಕೊಳ್ಳಬಹುದು. ತಲೆನೋವು ಏರುತ್ತಲೇ ಹೋದರೆ, ಪದೇಪದೇ ವಾಂತಿಯಾದರೆ, ಮಾತು ತೊದಲಿದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಎಬ್ಬಿಸಿದರೂ ಏಳಲಾಗದ ಮಂಪರು ಕವಿದರೆ ತಡಮಾಡದೆ 911. ಆಗ ಬಿಲ್ಲಿನ ಚಿಂತೆ ಬೇಡ. ಈ ಲಕ್ಷಣಗಳನ್ನು ನಿನ್ನ ರೂಮ್‌ಮೇಟ್‌ಗೂ ಓದಿ ಹೇಳು, ಗಮನಿಸಬೇಕಾದವಳು ಅವಳೇ. ಪರೀಕ್ಷೆ, ಅಸೈನ್‌ಮೆಂಟ್ ಇದ್ದರೆ ಪ್ರೊಫೆಸರಿಗೆ ಇವತ್ತೇ ಈಮೇಲ್ ಹಾಕು. ಡಾಕ್ಟರ ಚೀಟಿ ಇದ್ದರೆ ಇಲ್ಲಿ ಯಾರೂ ನೆಪ ಅನ್ನುವುದಿಲ್ಲ.

• ತಲೆಗೆ ಪೆಟ್ಟು ಬಿದ್ದ ದಿನ ಮತ್ತೆ ಸೈಕಲ್ ಹತ್ತಬಾರದು. ಇದರಲ್ಲಿ ಚೌಕಾಸಿ ಇಲ್ಲ. ಬಿದ್ದವರ ಹತ್ತಿರ ಹೋಗಿ ನಾನು ಕೇಳುವುದು ‘ಚೆನ್ನಾಗಿದ್ದೀಯಾ’ ಅಂತಲ್ಲ, ಅದಕ್ಕೆ ಎಲ್ಲರದೂ ಒಂದೇ ಉತ್ತರ. ‘ಇದು ಎಷ್ಟನೇ ಸುತ್ತು, ನಿನ್ನ ಮುಂದೆ ಯಾರಿದ್ದರು’ ಅಂತ ಕೇಳುತ್ತೇನೆ. ಹಾಗೆ ಕೇಳಿದಾಗ ಒಮ್ಮೆ ಒಬ್ಬ ಹುಡುಗ ‘ಇನ್ನೂ ಸ್ಟಾರ್ಟ್ ಆಗಿಲ್ಲವಲ್ಲ’ ಅಂದ. ಅವನ ಹ್ಯಾಂಡಲ್ ಆಗಲೇ ಅಡ್ಡಕ್ಕೆ ತಿರುಗಿತ್ತು. ಪೆಟ್ಟು ತಿಂದ ತಲೆಯೇ ತನಗೆ ಪೆಟ್ಟಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಆಗದ ಮಾತು. ತಂಡದಲ್ಲಿ ಒಬ್ಬಳ ಜೊತೆ ಮೊದಲೇ ಮಾತಾಡಿಕೊಂಡಿರು, ಅವಳು ನಿಲ್ಲು ಅಂದರೆ ನೀನು ನಿಲ್ಲಬೇಕು. ಮೊದಲ ಪೆಟ್ಟು ಮಾಗುವ ಮುಂಚೆ ಎರಡನೆಯದು ಬಿದ್ದರೆ ಅದರ ಹಾನಿಯೇ ಬೇರೆ.

• ಆ ಹೆಲ್ಮೆಟ್ ಇನ್ನು ಬೇಡ. ಹೊರಗೆ ಬಿರುಕು ಕಾಣದಿದ್ದರೂ ಒಳಗಿನ ಫೋಮ್ ಒಂದು ಸಲ ಕುಗ್ಗಿತೆಂದರೆ ಅದರ ಕೆಲಸ ಮುಗಿಯಿತು. ಕಸಕ್ಕೆ ಹಾಕುವ ಮುನ್ನ ಪಟ್ಟಿ ಕತ್ತರಿಸು, ಬೇರೆ ಯಾರಾದರೂ ಎತ್ತಿಕೊಂಡು ಹಾಕಿಕೊಂಡಾರು.

• ಬಿದ್ದಾಗ ಕೈಯೂರಿದೆ ಅಂದೆಯಲ್ಲ, ಒಂದು ಪರೀಕ್ಷೆ ಮಾಡಿಕೋ. ಹೆಬ್ಬೆರಳನ್ನು ಮೇಲಕ್ಕೆ ಚಾಚಿದರೆ ಅದರ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಒಂದು ಸಣ್ಣ ಗುಳಿ ಬೀಳುತ್ತದೆ. ಅಲ್ಲಿ ಒತ್ತಿದಾಗ ಚುರ್ ಎಂದು ನೋವಾದರೆ ‘ಉಳುಕು’ ಅಂತ ಬಟ್ಟೆ ಸುತ್ತಿಕೊಂಡು ಕೂರಬೇಡ. ಸ್ಕೇಫಾಯ್ಡ್ ಅನ್ನುವ ಪುಟ್ಟ ಮೂಳೆ ಬಿರುಕು ಬಿಟ್ಟಿರಬಹುದು. ಅದಕ್ಕೆ ರಕ್ತ ಹರಿಯುವುದೇ ಕಡಿಮೆ, ಅಲಕ್ಷ್ಯ ಮಾಡಿದರೆ ಕೂಡಿಕೊಳ್ಳುವುದಿಲ್ಲ. ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಹೋಗಬಹುದು. ಡಾಕ್ಟರು ಪಟ್ಟಿ ಕಟ್ಟಿ ಎರಡು ವಾರದ ಮೇಲೆ ಮತ್ತೆ ಬಾ ಅಂದರೆ ತಪ್ಪದೆ ಹೋಗು.

• ತರಚು ಗಾಯಕ್ಕೆ ಸೋಪು, ನಲ್ಲಿ ನೀರು, ಮೇಲೆ ವ್ಯಾಸಲೀನ್, ಅದರ ಮೇಲೆ ಅಂಟದ ಪಟ್ಟಿ. ಅರಿಶಿನ ಹಚ್ಚು ಅಂತ ನಿನ್ನ ಅಜ್ಜಿ ಹೇಳುತ್ತಾರೆ, ಹೂಂ ಅನ್ನು, ಹಚ್ಚಬೇಡ. ಕಲ್ಲುಮಣ್ಣು ಹೊಕ್ಕ ಗಾಯ, ಟೆಟನಸ್ ಇಂಜೆಕ್ಷನ್ ತೆಗೆದುಕೊಂಡು 5 ವರ್ಷ ದಾಟಿದ್ದರೆ ಕೇಳಿ ಹಾಕಿಸಿಕೋ.

• ಇನ್ಶೂರೆನ್ಸ್ ಕಾಗದವನ್ನು ಈ ವಾರವೇ ಓದು. ವಿದ್ಯಾರ್ಥಿಗಳ ಪಾಲಿಸಿಗಳಲ್ಲಿ ‘ಅಂತರಕಾಲೇಜು ಕ್ರೀಡೆಯಲ್ಲಾದ ಗಾಯಕ್ಕೆ ಅನ್ವಯಿಸದು’ ಎಂಬ ಸಾಲು ಎಲ್ಲೋ ಮೂಲೆಯಲ್ಲಿ ಅಡಗಿ ಕೂತಿರುವುದುಂಟು. ಅರ್ಥವಾಗದಿದ್ದರೆ ನನಗೆ ಕಳಿಸು. ಪ್ರಾಣಕ್ಕೆ ಸಂಚಕಾರವಿಲ್ಲದ ಗಾಯವಾದರೆ ಅರ್ಜೆಂಟ್ ಕೇರ್ ಕ್ಲಿನಿಕ್ ಸಾಕು, ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋದರೆ ಬಿಲ್ಲು ಎಷ್ಟೋ ಪಟ್ಟು.

• ಇನ್ನು ಕೊನೆಯ ಸ್ಥಾನ. ಅದರಲ್ಲಿ ನಾಚಿಕೆ ಏನು ಬಂತು? ಕಾಲೇಜು ರೇಸಿನಲ್ಲಿ ಒಬ್ಬೊಬ್ಬರ ಸ್ಥಾನಕ್ಕೆ ಸಿಗುವ ಅಂಕ ಕೂಡಿಯೇ ತಂಡದ ಲೆಕ್ಕವಾಗುವುದು. ಹೆಣ್ಣುಮಕ್ಕಳ ವಿಭಾಗದಲ್ಲಿ ಸ್ಪರ್ಧಿಗಳು ಕಡಿಮೆ ಇದ್ದಲ್ಲಿ ಕೊನೆಯವಳಿಗೂ ಒಂದಿಷ್ಟು ಅಂಕ ದಕ್ಕುತ್ತದೆ. ನಡುವೆ ಬಿಟ್ಟು ಟೆಂಟಿಗೆ ಬಂದು ಕೂತವಳಿಗೆ ಸೊನ್ನೆ. ಸೈಕಲ್ ತಳ್ಳಿಕೊಂಡೋ ಹೆಗಲ ಮೇಲೆ ಹೊತ್ತುಕೊಂಡೋ ಬಂದರೂ ನಿಯಮದ ಅಡ್ಡಿಯಿಲ್ಲ, ಸೈಕಲ್ ಜೊತೆಗಿರಬೇಕು ಅಷ್ಟೆ. ನೀನು ಮಾಡಿದ್ದು ಅದನ್ನೇ. ಆ ವಾರಾಂತ್ಯದಲ್ಲಿ ನಾನು ಶಭಾಷ್ ಅನ್ನುವುದು ಅದೊಂದಕ್ಕೇ. ಶಾರ್ಟ್ ಟ್ರ್ಯಾಕ್‌ನಲ್ಲಿ ಒಂದು ಸುತ್ತು ಹಿಂದೆ ಬಿದ್ದವರನ್ನು ಹೊರಗೆ ಕರೆಯುತ್ತಾರೆ, ಅದೂ ಅವಮಾನವಲ್ಲ, ದಾರಿ ಇಕ್ಕಟ್ಟಾಗಬಾರದು ಅಂತ.

• ಫೋರ್ಟ್ ಲೂಯಿಸ್ ಕಾಲೇಜಿನ ಹುಡುಗಿಯರ ಜೊತೆ ನಿನ್ನನ್ನು ಹೋಲಿಸಿಕೊಳ್ಳಬೇಡ. ಅದು ರಾಷ್ಟ್ರೀಯ ಪ್ರಶಸ್ತಿಗಳನ್ನು ಸಾಲುಸಾಲಾಗಿ ಗೆದ್ದ ಕಾಲೇಜು, ಡುರಾಂಗೊ ಅವರ ಮನೆಯಂಗಳ. ಆ ಊರೇ ಸುಮಾರು 1,990 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಅವರ ಪೇಟೆ ಬೀದಿ ಮೇಲೆ! ನೀವು ತುಳಿದ ಪರ್ಗೆಟರಿ ಸ್ಕೀ ಬೆಟ್ಟದ ಬುಡ ಇನ್ನೂ ಆರುನೂರು ಏಳುನೂರು ಮೀಟರ್ ಮೇಲಕ್ಕಿದೆ. ಬೆಂಗಳೂರು ಬಿಟ್ಟು ಬಂದು ಎರಡು ತಿಂಗಳಾಗಿಲ್ಲ, ಉಸಿರು ಸಾಲದೆ ಹೋದದ್ದು ಸಹಜ. ಅಂಥ ಎತ್ತರದಲ್ಲಿ ಮೊದಲ ಸುತ್ತು ಪಕ್ಕದವಳ ಜೊತೆ ಒಂದೆರಡು ಮಾತಾಡುವಷ್ಟು ಉಸಿರಿಟ್ಟುಕೊಂಡು ತುಳಿ. ಆರಂಭದಲ್ಲೇ ಸಾಲ ಮಾಡಿದರೆ ಬೆಟ್ಟ ಬಡ್ಡಿ ಸಮೇತ ವಸೂಲು ಮಾಡುತ್ತದೆ.

• ಟೈರಿನ ಗಾಳಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡುವುದನ್ನು ಬಿಡು. ಹತ್ತು ಹದಿನೈದು ಡಾಲರಿನ ಗೇಜ್ ಕೊಂಡುಕೋ. ನಿನ್ನ ತೂಕಕ್ಕೆ, ಟ್ಯೂಬ್‌ಲೆಸ್ ಟೈರಿಗೆ 20ರಿಂದ 25 ಪಿಎಸ್‌ಐ ನಡುವೆ ಎಲ್ಲೋ ಒಂದು ಅಂಕಿ ಕೂರುತ್ತದೆ, ಪ್ರಾಕ್ಟೀಸಿನಲ್ಲಿ ಹುಡುಕಿ ಬರೆದಿಟ್ಟುಕೋ. ಕಡಿಮೆಯಾದರೆ ಕಲ್ಲಿಗೆ ರಿಮ್ ಬಡಿದು ಟೈರ್ ಸೀಳುತ್ತದೆ, ಹೆಚ್ಚಾದರೆ ಚಕ್ರ ಪುಟಿಯುತ್ತದೆ, ಹಿಡಿತ ಸಿಗದು. ಒಳಗಿನ ತೂತು ಮುಚ್ಚುವ ಸೀಲೆಂಟ್ ಈ ಒಣಹವೆಯಲ್ಲಿ ಬೇಗ ಆರುತ್ತದೆ. ಎರಡು ತಿಂಗಳಿಗೊಮ್ಮೆ ತುಂಬಿಸು.

• ಬೆಟ್ಟದ ಮೇಲೆ ಕಲ್ಲಿನ ಕಾಟವಾದರೆ ತಗ್ಗಿನಲ್ಲಿ ಮುಳ್ಳಿನದು. ಇಲ್ಲಿಯವರು ಗೋಟ್‌ಹೆಡ್ ಅಂತ ಶಪಿಸುವುದು ನಮ್ಮ ಹೊಲದ ಬದುವಿನ ನೆಗ್ಗಿಲು ಗಿಡವನ್ನೇ. ಹಳದಿ ಪುಟ್ಟ ಹೂ, ನೆಲಕ್ಕೆ ಹರಡಿಕೊಂಡ ಬಳ್ಳಿ. ಕಾಯಿ ಒಣಗಿ ಚೂರಾದರೆ ಒಂದೊಂದು ಚೂರಿಗೂ ಗಟ್ಟಿ ಮುಳ್ಳು, ಹೇಗೆ ಬಿದ್ದರೂ ಒಂದು ಆಕಾಶ ನೋಡುತ್ತಿರುತ್ತದೆ. ಪಾರ್ಕಿಂಗ್ ಜಾಗದಲ್ಲಿ, ರಸ್ತೆಯಂಚಿನಲ್ಲಿ ಸೈಕಲನ್ನು ಎತ್ತಿಕೊಂಡೇ ನಡೆ. ರೇಸಿನ ನಡುವೆ ಟ್ಯೂಬ್ ಹಾಕಬೇಕಾಗಿ ಬಂದರೆ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ಮೆಲ್ಲಗೆ ಸವರಿ ಮುಳ್ಳು ತೆಗೆ. ಆತುರಕ್ಕೆ ಬಿದ್ದು ಹಾಗೇ ಹಾಕಿದರೆ ಹೊಸ ಟ್ಯೂಬೂ ನೂರು ಗಜದಲ್ಲಿ ತೂತಾಗುತ್ತದೆ.

• ಡಿರೇಲರ್ ಸುಮ್ಮನೆ ಕಿತ್ತುಬರುವುದಿಲ್ಲ. ನೀನು ಬಲಕ್ಕೆ ವಾಲಿ ಬಿದ್ದಿದ್ದೆ, ಎದ್ದವಳೇ ಏರು ಹತ್ತಲು ಹಗುರ ಗೇರು ಹಾಕಿದೆ, ಸರಿ ತಾನೆ? ಬಲಕ್ಕೆ ಬಿದ್ದಾಗ ಡಿರೇಲರ್ ತೂಗುವ ಹ್ಯಾಂಗರ್ ಒಳಕ್ಕೆ ಬಗ್ಗುತ್ತದೆ. ಆಮೇಲೆ ಎಲ್ಲಕ್ಕಿಂತ ಹಗುರ ಗೇರಿಗೆ ಹೋದರೆ ಡಿರೇಲರ್ ಕಡ್ಡಿಗಳೊಳಗೆ ನುಗ್ಗಿ ಒಂದೇ ಸುತ್ತಿಗೆ ಎಲ್ಲವನ್ನೂ ಸುತ್ತಿಕೊಳ್ಳುತ್ತದೆ. ಬಿದ್ದ ಮೇಲೆ ಸೈಕಲಿನ ಹಿಂದೆ ನಿಂತು ಐದು ಸೆಕೆಂಡು ನೋಡು, ಡಿರೇಲರ್ ಚಕ್ರಕ್ಕೆ ಸಮನಾಗಿ ನೇರ ತೂಗುತ್ತಿದೆಯಾ ಅಂತ. ಬಗ್ಗಿದ್ದರೆ ಆ ಕೊನೆಯ ಗೇರಿನ ತಂಟೆಗೆ ಹೋಗದೆ, ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗು. ಒಂದು ಹ್ಯಾಂಗರ್ ಸದಾ ಚೀಲದಲ್ಲಿರಲಿ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಪಕ್ಕದವರದು ನಿನಗೆ ಕೂರುವುದಿಲ್ಲ. ನೂರು ಡಾಲರಿನ ಜರ್ಸಿ ಹಾಕಿಕೊಂಡು ಮೂವತ್ತು ಡಾಲರಿನ ಹ್ಯಾಂಗರ್ ಇಲ್ಲದೆ ಹೋಗುವುದಕ್ಕೆ ನಮ್ಮಲ್ಲಿ ಜುಟ್ಟಿನ ಮಲ್ಲಿಗೆ ಹೂವಿನ ಗಾದೆಯಿದೆ, ನಿನಗೆ ಗೊತ್ತಿರುವುದೇ.

• ಚೈನಿಗೆ ಎಣ್ಣೆ ಬಿಡುವಾಗ ಸ್ಪ್ರೇ ಡಬ್ಬಿ ಮುಟ್ಟಬೇಡ, ಹನಿ ಹನಿಯಾಗಿ ಬಿಡು. ಬ್ರೇಕ್ ಡಿಸ್ಕಿಗೆ ಎಣ್ಣೆ ಸಿಡಿದರೆ ಇಳಿಜಾರಿನಲ್ಲಿ ದೇವರೇ ಗತಿ.

• ಶುಕ್ರವಾರ ಸಂಜೆಯೇ ಊರು ಸೇರಿ, ದಾರಿಯನ್ನು ಒಮ್ಮೆ ನಿಧಾನ ತುಳಿದು ನೋಡಬೇಕು. ಕಲ್ಲುಗಳ ತಾವು ಬಂದಾಗ ಇಳಿದು, ಬದಿಗೆ ನಿಂತು, ನಿನಗಿಂತ ಚೆನ್ನಾಗಿ ಓಡಿಸುವವರು ಯಾವ ಕಲ್ಲಿನ ಎಡಕ್ಕೆ ಹೋಗುತ್ತಾರೆ, ಎಲ್ಲಿ ಬ್ರೇಕ್ ಬಿಡುತ್ತಾರೆ ನೋಡು. ಬೆಂಗಳೂರಿನ ತುರಹಳ್ಳಿಯ ಬಂಡೆ ಮೇಲೆ ಕಲಿತವಳು ನೀನು, ಬಂಡೆಯ ಭಯ ನಿನಗಿಲ್ಲ. ಇಲ್ಲಿ ನಿನ್ನನ್ನು ಕೆಡವುವುದು ಗಟ್ಟಿ ನೆಲದ ಮೇಲೆ ಉದುರಿ ಕೂತ ಸಣ್ಣ ಹರಳು. ತಿರುವಿಗೆ ಮೊದಲೇ ಬ್ರೇಕ್ ಹಿಡಿ, ತಿರುವಿನೊಳಗೆ ಬಿಡು.

• ಊಟದ್ದು ದೊಡ್ಡಮ್ಮನ ಇಲಾಖೆ. ರೇಸಿನ ದಿನ ಹೊಟ್ಟೆಗೆ ಹೊಸದೇನೂ ಬೇಡ ಅನ್ನುತ್ತಾಳೆ. ಮೂರು ಗಂಟೆ ಮುಂಚೆ ಒಗ್ಗರಣೆ ಅವಲಕ್ಕಿ, ಖಾರ ಕಡಿಮೆ. ಒಂದು ಗಂಟೆ ಮೀರುವ ಓಟವಾದರೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು; ಬಾಟಲಿಯಲ್ಲಿ ಸಕ್ಕರೆ, ಉಪ್ಪು, ನಿಂಬೆರಸ ಕಲಸಿದ ನೀರಾದರೂ ಸರಿ. ಕಡಲೆ ಚಿಕ್ಕಿಯನ್ನು ಓಟದ ನಡುವೆ ಜಗಿಯಲು ಹೋಗಬೇಡ, ಗಂಟಲಿಗೆ ಸಿಕ್ಕೀತು. ಅದು ಮುಗಿದ ಮೇಲಕ್ಕೆ.

• ರೇಸನ್ನೇ ಬಿಟ್ಟುಬಿಡುತ್ತೇನೆ ಅಂದೆಯಲ್ಲ. ಬಿಡು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಭಾನುವಾರ ರಾತ್ರಿ ತೀರ್ಮಾನ ಮಾಡಬೇಡ, ಡಾಕ್ಟರು ಸರಿ ಅಂದ ಮೇಲೆ ಮಾಡು. ಜೂಲಿ ಫುರ್ಟಾಡೊ ಅಂತ ಒಬ್ಬಾಕೆ ಅಮೆರಿಕದ ಸ್ಕೀ ತಂಡದಲ್ಲಿದ್ದವಳು, ಮಂಡಿಯ ಗಾಯದಿಂದ ಅದನ್ನು ಬಿಡಬೇಕಾಗಿ ಬಂದು ಸೈಕಲ್ ಹಿಡಿದಳು. 1990ರಲ್ಲಿ ಡುರಾಂಗೊದಲ್ಲಿ ನಡೆದ ಮೊಟ್ಟಮೊದಲ ಅಧಿಕೃತ ವಿಶ್ವ ಮೌಂಟನ್ ಬೈಕ್ ಚಾಂಪಿಯನ್‌ಶಿಪ್‌ನಲ್ಲಿ ಹೆಂಗಸರ ಕ್ರಾಸ್‌ಕಂಟ್ರಿ ಗೆದ್ದವಳು ಆಕೆಯೇ. ನಿನ್ನ ಕೋಚ್ ಇದನ್ನು ಛಲದ ಕಥೆ ಅಂತ ಹೇಳಬಹುದು. ನಾನು ಓದುವುದು ಬೇರೆ ಥರ: ಮಂಡಿ ಇನ್ನು ಆಗದು ಅಂದಾಗ ಆಕೆ ಅದರ ಮಾತು ಕೇಳಿದಳು.

• ಕೊನೆಯದು, ನನ್ನ ನಿದ್ದೆ ಕೆಡಿಸಿದ್ದು. ಭಾನುವಾರ ಮಧ್ಯಾಹ್ನ ರೇಸು ಮುಗಿಸಿ, ಆರೇಳು ಗಂಟೆಯ ದಾರಿಯನ್ನು ನೀವು ಐದು ಜನ ಒಂದೇ ವ್ಯಾನಿನಲ್ಲಿ ಅದೇ ರಾತ್ರಿ ವಾಪಸು ಹೊಡೆದಿರಿ. ದಾರಿಯಲ್ಲಿ ಸಿಗುವ ವುಲ್ಫ್ ಕ್ರೀಕ್ ಪಾಸ್ 10,800 ಅಡಿಗೂ ಮೇಲಿದೆ, ಕತ್ತಲಾದರೆ ಜಿಂಕೆ, ಎಲ್ಕ್ ರಸ್ತೆಗೆ ಇಳಿಯುತ್ತವೆ, ಅಕ್ಟೋಬರಿನಲ್ಲಿ ಹಿಮವೂ ಬೀಳಬಹುದು. ಸ್ಟೀರಿಂಗ್ ಹಿಡಿದವನು ಬೆಳಗ್ಗೆ ಐದಕ್ಕೆ ಎದ್ದು ಎರಡು ರೇಸು ಓಡಿಸಿದವನು. ಆ ವಾರಾಂತ್ಯದಲ್ಲಿ ನೀವು ಮಾಡಿದ ಅತಿ ಅಪಾಯದ ಕೆಲಸ ಕಲ್ಲುಬಂಡೆ ಇಳಿದದ್ದಲ್ಲ, ಇದು. ಎರಡು ಗಂಟೆಗೊಮ್ಮೆ ಚಾಲಕರು ಬದಲಾಗಬೇಕು, ಪಕ್ಕದ ಸೀಟಿನವರು ನಿದ್ದೆ ಮಾಡಕೂಡದು, ತಲೆಗೆ ಪೆಟ್ಟು ಬಿದ್ದವರು ಗಾಡಿ ಮುಟ್ಟಕೂಡದು. ಹೊತ್ತು ಮೀರಿದರೆ ದಾರಿಯಲ್ಲಿರುವ ಪಗೋಸಾ ಸ್ಪ್ರಿಂಗ್ಸ್‌ನಲ್ಲೇ ಮೋಟೆಲ್ ಹಿಡಿದು ಮಲಗಿ, ಸೋಮವಾರದ ಮೊದಲ ಕ್ಲಾಸು ಹೋದರೆ ಹೋಗಲಿ. ರೂಮಿನ ದುಡ್ಡು ನಾನು ಕೊಡುತ್ತೇನೆ, ರಸೀದಿ ನನಗೆ ಕಳಿಸು, ನಿಮ್ಮಪ್ಪನಿಗೆ ಕಳಿಸಬೇಡ. ಅವನು ಮೊದಲು ಮೋಟೆಲ್ ಯಾಕೆ ಅನ್ನುತ್ತಾನೆ, ಆಮೇಲೆ ಸೈಕಲ್ ಯಾಕೆ ಅನ್ನುತ್ತಾನೆ.